ನೂರೆಂಟು ನಮಸ್ಕಾರಗಳ ತರುವಾಯದ ಮೈಕೈ ನೋವು ಹಾಗೂ ಬಾಕಿ ಉಳಿದ ಒಂದು ನಮಸ್ಕಾರದ ಬಗ್ಗೆ

ಮುಠಾ ನದಿ ದಂಡೆ ಕನ್ನಡಿಗರ ಸಂಘ, ಪುಣೆ
ಅಂಗಾಂಗ ನೋವು ವಿಭಾಗ
(ಸದ್ಯಕ್ಕೆ ಕೂತಲ್ಲಿಂದಲೇ ಕಾರ್ಯನಿರ್ವಹಿಸುತ್ತಿದೆ)

ಸಂಖ್ಯೆ: ಅಂನೋವಿ/ತೊಡೆ/ಮೀನಖಂಡ/ಸೊಂಟ (ಹೆಚ್ಚುವರಿ)/೧೦೮
ದಿನಾಂಕ: ಗುರುವಾರ, ರಥಸಪ್ತಮಿ ಕಳೆದಿದೆ, ನೋವು ಕಳೆದಿಲ್ಲ

ಸುತ್ತೋಲೆ

ವಿಷಯ: ವ್ಯಾಯಾಮದ ನಂತರ ಸದಸ್ಯರಲ್ಲಿ ಕಂಡುಬಂದಿರುವ ಬಾಗದಿರುವಿಕೆ, ಅದರ ಶಮನ, ಮತ್ತು ಚಿ. ಮಿಥುನ ಅವರ ಮದುವೆ ಮಾತುಕತೆಯನ್ನು ಉಳಿಸಿಕೊಳ್ಳುವ ಕುರಿತು.

ಉಲ್ಲೇಖ: ೧. ಕಾರ್ಯದರ್ಶಿ ಶ್ರೀ ಅನಂತರಾಮು ಅವರ ವಾಟ್ಸಾಪ್ ಸಂದೇಶ: "ನೂರೆಂಟು ತಾನೇ, ಆರಾಮಾಗಿ ಮಾಡ್ಬಹುದು ಬನ್ನಿ."
೨. ಶ್ರೀಮತಿ ಅವ್ವಮ್ಮನವರ ಮೌಖಿಕ ದೂರು, ಸೋಮವಾರ ಸಂಜೆ, ಅವರ ಮನೆಯ ಪಡಸಾಲೆಯಿಂದ. ಅಕ್ಕಪಕ್ಕದ ಮನೆಯವರಿಗೂ ತಲುಪಿದೆ.

ಪ್ರಸ್ತಾವನೆ:

ಕಳೆದ ಭಾನುವಾರ ರಥಸಪ್ತಮಿಯಂದು ಸಂಘದ ಸಭಾಂಗಣದಲ್ಲಿ ನೂರೆಂಟು ಸೂರ್ಯನಮಸ್ಕಾರಗಳನ್ನು ಸಾಮೂಹಿಕವಾಗಿ ಸಲ್ಲಿಸಲಾಯಿತು. ಪಕ್ಕದ ಗಲ್ಲಿಯ ಮರಾಠಿ ಮಂಡಳದವರು ವರ್ಷವರ್ಷವೂ ಹಾಕುತ್ತಾರೆ, ನಾವೇನು ಕಡಿಮೆ ಎಂಬ ಘನ ಉದ್ದೇಶವೇ ಇದಕ್ಕೆ ಪ್ರೇರಣೆಯಾಗಿರುತ್ತದೆ. ಸದರಿ ಮಂಡಳದವರು ದೀಪಾವಳಿಯಿಂದಲೇ ಇಷ್ಟಿಷ್ಟೇ ಏರಿಸುತ್ತ ಅಭ್ಯಾಸ ಮಾಡಿಕೊಂಡು ಬರುತ್ತಾರೆಂಬ ಅಂಶವನ್ನು ಸಭೆಯು ಗಮನಿಸಿ, "ಅದೆಲ್ಲ ಟೈಮ್ ವೇಸ್ಟ್" ಎಂದು ಕೈಬಿಟ್ಟಿತ್ತು. ಭಾಗವಹಿಸಿದವರಲ್ಲಿ ಬಹುಪಾಲು ಜನ ಇದಕ್ಕೂ ಮುನ್ನ ನೆಲದವರೆಗೆ ಬಾಗಿದ್ದು ಬಿದ್ದ ಚಾರ್ಜರ್ ಎತ್ತಿಕೊಳ್ಳಲು ಮಾತ್ರ ಎಂಬುದು ತರುವಾಯದ ವಿಚಾರಣೆಯಿಂದ ತಿಳಿದುಬಂದಿದೆ.

ಎಣಿಕೆಯ ಗುರುತರ ಹೊಣೆಯನ್ನು ಕಾರ್ಯದರ್ಶಿಯವರು ಮೈಕಿನ ಮುಂದೆ ಕುರ್ಚಿಯಲ್ಲಿ ಕುಳಿತು ಹೊತ್ತರು. ಎಪ್ಪತ್ತರ ಆಸುಪಾಸಿನಲ್ಲಿ ಅವರಿಗೊಂದು ಫೋನ್ ಬಂತು. ಮಾತು ಮುಗಿಸಿ ಮರಳುವಷ್ಟರಲ್ಲಿ ಲೆಕ್ಕ ಎಲ್ಲಿಗೆ ನಿಂತಿತ್ತೆಂಬುದು ಮರೆತುಹೋದ ಕಾರಣ, ದೇವರಿಗೆ ಕಡಿಮೆ ಬೀಳಬಾರದೆಂಬ ಮುಂಜಾಗ್ರತೆಯಿಂದ, "ಮತ್ತೆ ಒಂದರಿಂದ ಶುರು ಮಾಡೋಣ, ಏನಂತೀರಾ?" ಎಂದು ಕೇಳಲಾಯಿತು. ಏನನ್ನಾದರೂ ಅನ್ನುವಷ್ಟು ಉಸಿರು ಯಾರಲ್ಲೂ ಉಳಿದಿರಲಿಲ್ಲವಾದ್ದರಿಂದ ಸರ್ವಾನುಮತದ ಒಪ್ಪಿಗೆ ಎಂದು ನಡಾವಳಿಯಲ್ಲಿ ದಾಖಲಿಸಲಾಗಿದೆ.

ಅಂದು ರಾತ್ರಿಯವರೆಗೆ ಯಾರಿಗೂ ಏನೂ ಆಗಲಿಲ್ಲ. ಈ ಬಗೆಯ ನೋವು ಕಚೇರಿಯ ಕಡತದಂತೆ: ತಡವಾಗಿ ಬರುತ್ತದೆ, ಬಂದ ಮೇಲೆ ಅಲುಗಾಡುವುದಿಲ್ಲ.

ಮರುದಿನ ಗಣರಾಜ್ಯೋತ್ಸವ. ಧ್ವಜವಂದನೆಗೆ ನೆಟ್ಟಗೆ ನಿಲ್ಲುವುದಷ್ಟೇ ಬೇಕಾಗಿದ್ದರಿಂದ ಸಂಘದ ಮಾನ ಬೆಳಗ್ಗೆ ಉಳಿಯಿತು. ಸಂಜೆ ಉಳಿಯಲಿಲ್ಲ. ಹಾಸನ ಮೂಲದ, ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಸದಸ್ಯ ಚಿ. ಮಿಥುನ ಅವರು ಸದಸ್ಯೆ ಕು. ಮಾಧುರಿ ಅವರ ಮನೆಗೆ, ಈ ಊರಿನಲ್ಲಿ ಕಾಂದೇಪೋಹೆ ಎನ್ನಲಾಗುವ, ಅಂದರೆ ಈರುಳ್ಳಿ ಅವಲಕ್ಕಿ ತಿನ್ನುತ್ತ ಹೆಣ್ಣು ನೋಡುವ ಶಾಸ್ತ್ರಕ್ಕೆ ತೆರಳಿದರು. ಇವರಿಬ್ಬರೂ ಒಂದು ವರ್ಷದಿಂದ ಒಬ್ಬರನ್ನೊಬ್ಬರು ಸಾಕಷ್ಟು ನೋಡಿಕೊಂಡಿರುತ್ತಾರೆ. ಆದರೆ ಮಾಧುರಿಯವರ ಅಜ್ಜಿ, ವಿಜಯಪುರ ಕಡೆಯ ಅವ್ವಮ್ಮನವರು ಹುಡುಗನನ್ನು ನೋಡಿರಲಿಲ್ಲ. ಅವರು ಒಪ್ಪದೆ ಆ ಮನೆಗೆ ಹೊಸ ಕುಕ್ಕರ್ ಕೂಡ ಬಂದಿಲ್ಲ.

ಹಿರಿಯರ ಪಾದ ಮುಟ್ಟುವ ಘಟ್ಟದಲ್ಲಿ ಚಿ. ಮಿಥುನ ಅವರು ಅರ್ಧದವರೆಗೆ ಬಾಗಿ, ಕೆಳಗೆ ಹೋಗಲಾರದೆ ಮೇಲೆ ಬರಲಾರದೆ, ಆ ಭಂಗಿಯಲ್ಲಿಯೇ ಕೈ ಮುಂದೆ ಚಾಚಿ ಅವ್ವಮ್ಮನವರಿಗೆ ಶೇಕ್‌ಹ್ಯಾಂಡ್ ನೀಡಿ "ಹಾಯ್ ಅಜ್ಜಿ" ಎಂದಿರುತ್ತಾರೆ. ಜಾತಕದ ಜೊತೆ ಕಳಿಸಿದ್ದ ಬಯೋಡೇಟಾದಲ್ಲಿ 'ಪ್ರತಿದಿನ ಜಿಮ್' ಎಂದು ಬರೆದುಕೊಂಡಿದ್ದರಿಂದ, ಕಾಲು ಹಿಡಿದಿದೆ ಎನ್ನಲು ಅವರಿಗೆ ಬಾಯಿ ಬಂದಿಲ್ಲ. ಸತ್ಯ ಗೊತ್ತಿದ್ದ ಕು. ಮಾಧುರಿಯವರಾದರೂ ಹೇಳಬಹುದಿತ್ತು, ಆದರೆ ಭಾನುವಾರ ಅವರೂ ಮುಂದಿನ ಸಾಲಿನಲ್ಲಿದ್ದವರು. ಸೋಫಾದಿಂದ ಏಳಲಾಗದೆ ನಗುತ್ತ ಕುಳಿತಿದ್ದರು. ನಕ್ಕರೆ ಹೊಟ್ಟೆಯೂ ನೋಯುತ್ತಿದ್ದ ಕಾರಣ ನಗು ಅಳುವಿನಂತೆ ಕೇಳಿಸಿ, ಹುಡುಗಿಗೆ ಹುಡುಗ ಒಪ್ಪಿಗೆಯಿಲ್ಲವೆಂಬ ಭಾವನೆಯೂ ಮೂಡಿರುತ್ತದೆ.

ಅವ್ವಮ್ಮನವರ ಹೇಳಿಕೆಯನ್ನು ಯಥಾವತ್ತಾಗಿ ನೀಡಲಾಗಿದೆ: "ಸೂರ್ಯಾಗ ನೂರಾ ಎಂಟು ಹಾಕ್ಯಾನಂತ. ಅಷ್ಟು ಗಟ್ಟಿ ಇದ್ದಾಂವಗ ಮುಂದ ಕೂತ ಮುದುಕಿಗೆ ಒಂದು ಹಾಕ್ಲಿಕ್ಕೆ ಏನು ಧಾಡಿ ಆಗೇದ? ಬಗ್ಗಲಾರದವಗ ನಮ್ಮ ಮನ್ಯಾಗ ಹೆಣ್ಣು ಕೊಡಂಗಿಲ್ರಿ, ಅವಲಕ್ಕಿ ತಿಂದು ಹೋಗ್ರಿ."

ಬರುವ ಭಾನುವಾರ ಇನ್ನೊಮ್ಮೆ ಬರಲು ಅವಕಾಶ ಕೋರಲಾಗಿದ್ದು, ಉತ್ತರ ಬರಬೇಕಿದೆ. ಸಂಘವೇ ಮಾಡಿದ ನೋವಿನಿಂದ ಸಂಘದಲ್ಲೇ ಕೂಡಿಬಂದ ಸಂಬಂಧ ತಪ್ಪಿಹೋಗುವ ಹಂತದಲ್ಲಿರುವುದರಿಂದ, ಈ ಕೆಳಕಂಡಂತೆ ಆದೇಶಿಸಲಾಗಿದೆ.

೧. ನೋವಿದ್ದವರು ನೋವಿದೆ ಎಂದು ಬಾಯಿಬಿಟ್ಟು ಹೇಳತಕ್ಕದ್ದು, ಬಯೋಡೇಟಾದಲ್ಲಿ ಏನೇ ಇರಲಿ. "ಏನಿಲ್ಲ, ಫುಲ್ ಫ್ರೆಶ್" ಎನ್ನುತ್ತ ಗೋಡೆ ಹಿಡಿದು ನಡೆಯುವುದನ್ನು ಇಂದಿನಿಂದ ನಿಷೇಧಿಸಲಾಗಿದೆ.

೨. ಸಭಾಂಗಣದ ಒಳಗೆ ನರಳಾಟವು ಕನ್ನಡದಲ್ಲಿಯೇ ಇರತಕ್ಕದ್ದು. ಉತ್ತರದವರು "ಯವ್ವಾ, ಸತ್ನೆಪೋ", ದಕ್ಷಿಣದವರು "ಅಯ್ಯಯ್ಯಪ್ಪಾ", ಕರಾವಳಿಯವರು "ಎಂತ ಸಾವು ಮಾರಾಯ್ರೆ" ಎನ್ನಲು ಮುಕ್ತರು. ಇಲ್ಲೇ ಹುಟ್ಟಿ ಬೆಳೆದ ಮಕ್ಕಳ ಬಾಯಿಂದ ತಾನಾಗಿಯೇ ಮರಾಠಿಯ "ಆಈ ಗಂ" ಹೊರಡುತ್ತಿರುವುದು ವಿಭಾಗದ ಗಮನಕ್ಕೆ ಬಂದಿದ್ದು, ಅದನ್ನು ಚಪ್ಪಲಿಯೊಂದಿಗೆ ಹೊರಗೆ ಬಿಟ್ಟು ಬರತಕ್ಕದ್ದು. "ಗಾಯ್ಸ್, ಐ ಆಮ್ ಡೆಡ್" ಎಂಬುದನ್ನು ನರಳಾಟವೆಂದು ಪರಿಗಣಿಸಲಾಗದು, ಅದು ಸ್ಟೇಟಸ್.

೩. ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವುದು ಕಷ್ಟವೆಂಬುದನ್ನು ಸ್ಥಳಪರಿಶೀಲನೆಯಿಂದ ಖಚಿತಪಡಿಸಿಕೊಳ್ಳಲಾಗಿದೆ. ಪರಿಶೀಲನೆಗೆ ಮೇಲೆ ಹೋದ ಸದಸ್ಯರು ಇನ್ನೂ ಮೇಲೆಯೇ ಇದ್ದಾರೆ. ಹಿಮ್ಮುಖವಾಗಿ ಇಳಿಯಲು ಅನುಮತಿ ಇದೆ. ಇಳಿಯುವಾಗ, ಹಿಂದಕ್ಕೆ ಬರುವ ಕಾರಿನಂತೆ ಬಾಯಿಂದ ಸದ್ದು ಮಾಡುತ್ತ ಬರುವುದು ಕಡ್ಡಾಯ. ಎದುರಿಗೆ ಹಿರಿಯರು ಹತ್ತಿಬಂದಲ್ಲಿ, ಬೆನ್ನು ತೋರಿಸಿದ್ದಕ್ಕೆ ಬೇರೆ ಕ್ಷಮೆ ಕೇಳತಕ್ಕದ್ದು.

೪. ಬಿಸಿನೀರಿನ ಸ್ನಾನ, ಎಳ್ಳೆಣ್ಣೆ ಹಚ್ಚಿ ಮೆಲ್ಲಗೆ ನೀವುವುದು, ಸಾಕಷ್ಟು ನೀರು, ಕಣ್ತುಂಬ ನಿದ್ದೆ, ಕೂತಲ್ಲೇ ಮರಗಟ್ಟದಂತೆ ಆಗಾಗ ನಾಲ್ಕು ಹೆಜ್ಜೆ ಓಡಾಟ: ಇಷ್ಟು ಸಾಕು, ಉಳಿದದ್ದನ್ನು ದಿನಗಳೇ ನೋಡಿಕೊಳ್ಳುತ್ತವೆ. ಆದರೆ ಇವೆಲ್ಲ ಅಜ್ಜಿಯಂದಿರು ಹೇಳುವಂಥವೇ ಆಗಿದ್ದು ಐಟಿ ಸದಸ್ಯರು ನಂಬುತ್ತಿಲ್ಲವಾದ್ದರಿಂದ, ಇನ್ನು ಮುಂದೆ ಇವನ್ನು 'ರಿಕವರಿ ಪ್ರೋಟೋಕಾಲ್' ಎಂದು ಕರೆಯಲಾಗುವುದು.

೫. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂಬ ಗಾದೆಯನ್ನು ತೊಡೆಗಳಿಗೆ ಸಂಬಂಧಿಸಿದಂತೆ ಅಮಾನತಿನಲ್ಲಿ ಇಡಲಾಗಿದೆ. ಇದನ್ನು ನಂಬಿ ಸೋಮವಾರ ಮತ್ತೊಂದು ಸುತ್ತು ನಮಸ್ಕಾರ ಹಾಕಿದ ಸದಸ್ಯ ಪುನೀತ ಅವರು, ಉಪಾಹಾರ ಗೃಹದ ಮಾಲೀಕರಾದ ಸುಂದರಣ್ಣನವರಲ್ಲಿ ಇಡ್ಲಿ ತಿನ್ನಲು ಕುಳಿತವರು ಏಳಲಾಗದೆ, ಕುರ್ಚಿ ಸಮೇತ ಟೆಂಪೋದಲ್ಲಿ ಮನೆ ತಲುಪಿರುತ್ತಾರೆ. "ಹುಡುಗ ನಿಧಾನಕ್ಕೆ ಬರ್ಲಿ ಮಾರಾಯ್ರೆ, ಕುರ್ಚಿ ಒಂದು ಬೇಗ ಕಳ್ಸಿ, ಭಾನುವಾರ ರಶ್ ಉಂಟು" ಎಂಬ ಸುಂದರಣ್ಣನವರ ಮನವಿ ಪರಿಶೀಲನೆಯಲ್ಲಿದೆ.

೬. ಈ ನಗರದ ಅಂಗಡಿಯವರು ಮಧ್ಯಾಹ್ನ ಬಾಗಿಲೆಳೆದು ಮಲಗುವುದನ್ನು ಕುರಿತು ಹೊರಗಿನಿಂದ ಬಂದ ಸದಸ್ಯರು ಇಲ್ಲಿಯವರೆಗೆ ಮಾಡಿದ ಸಮಸ್ತ ಗೇಲಿಯನ್ನು ಬೇಷರತ್ತಾಗಿ ಹಿಂಪಡೆಯಲಾಗಿದೆ. ಅವರು ಮೊದಲಿನಿಂದಲೂ ಪ್ರೋಟೋಕಾಲಿನಲ್ಲಿಯೇ ಇದ್ದರು.

೭. ನೋವು ಇಳಿಯುವವರೆಗೆ ಹಿರಿಯರಿಗೆ ಸಲ್ಲಿಸುವ ನಮಸ್ಕಾರಗಳನ್ನು ಹೀಗೆ ಜಮೆ ಮಾಡಿಕೊಳ್ಳತಕ್ಕದ್ದು. ಮೊಣಕಾಲಿನವರೆಗೆ ಬಾಗಿದಲ್ಲಿ, ಪೂರ್ತಿ. ಸೊಂಟದವರೆಗೆ ಬಾಗಿದಲ್ಲಿ, ಅರ್ಧ; ಉಳಿದರ್ಧ ಯುಗಾದಿಯೊಳಗೆ. ಬಾಗಲು ಹೋಗಿ ಬಿದ್ದಲ್ಲಿ, ಸಾಷ್ಟಾಂಗವೆಂದೇ ತಿಳಿದು ಆಶೀರ್ವದಿಸಿ, ಅನಂತರ ಎತ್ತತಕ್ಕದ್ದು. ಶೇಕ್‌ಹ್ಯಾಂಡ್ ಯಾವ ಖಾತೆಗೂ ಜಮೆಯಾಗದು.

೮. (ಎಣಿಕೆ ಮಾಡುವವರ ಫೋನನ್ನು ಮುಂಚಿತವಾಗಿ ವಶಪಡಿಸಿಕೊಳ್ಳುವ ಕುರಿತ ಈ ಖಂಡವನ್ನು ಎಣಿಕೆ ಮಾಡಿದವರ ಸೂಚನೆಯ ಮೇರೆಗೆ ಕೈಬಿಡಲಾಗಿದೆ.)

೯. ಬುಧವಾರದ ತಪಾಸಣೆಯಲ್ಲಿ ಚಿ. ಮಿಥುನ ಅವರ ಬೆರಳುಗಳು ಮೊಣಕಾಲಿನಿಂದ ಒಂದು ಗೇಣು ಕೆಳಗೆ ತಲುಪಿದ್ದು, ಪಾದವು ಇನ್ನೂ ದೂರವಿದೆ. "ಅಜ್ಜಿ ಹತ್ರ ಸಾರಿ ಕೇಳ್ತೀನಿ ಸಾರ್, ಬೇಕಾದ್ರೆ ಜಿಮ್ ವಿಷ್ಯಾನೂ ಸುಳ್ಳು ಅಂತ ಒಪ್ಕೋತೀನಿ" ಎಂದು ಅವರು ಗೋಡೆಗೆ ಒರಗಿಕೊಂಡು ಹೇಳಿಕೆ ನೀಡಿರುತ್ತಾರೆ. ಅಂದು ಕಂಡದ್ದು ಸೊಕ್ಕಲ್ಲ, ಸ್ನಾಯು ಎಂದು ವಿಭಾಗವು ಅವ್ವಮ್ಮನವರಿಗೆ ಈ ಮೂಲಕ ಪ್ರಮಾಣೀಕರಿಸುತ್ತದೆ.

(ಸಹಿ)
ಅನಂತರಾಮು
ಕಾರ್ಯದರ್ಶಿ ಹಾಗೂ ಎಣಿಕೆದಾರರು
(ವಿಭಾಗದಲ್ಲಿ ಸರಾಗವಾಗಿ ಓಡಾಡುತ್ತಿರುವ ಏಕೈಕ ಅಧಿಕಾರಿ)

ಪ್ರತಿಗಳು:

೧. ಚಿ. ಮಿಥುನ ಅವರಿಗೆ, ಬಾಗುವಷ್ಟರ ಮಟ್ಟಿಗೆ ಪಾಲಿಸಲು.

೨. ಸುಂದರಣ್ಣನವರಿಗೆ, ತಾಳ್ಮೆಗಾಗಿ. ಕುರ್ಚಿ ಪ್ರತ್ಯೇಕವಾಗಿ ಬರುವುದು.

೩. ಶ್ರೀ ಸೂರ್ಯನಾರಾಯಣಸ್ವಾಮಿಯವರಿಗೆ, ಹೆಚ್ಚುವರಿಯಾಗಿ ಸಂದಾಯವಾದ ನಮಸ್ಕಾರಗಳನ್ನು ಮುಂದಿನ ವರ್ಷಕ್ಕೆ ಹೊಂದಿಸಿಕೊಳ್ಳುವಂತೆ ಕೋರಿ.

೪. ಶ್ರೀಮತಿ ಅವ್ವಮ್ಮನವರಿಗೆ, ದಯಾಪರ ಪರಿಶೀಲನೆಗಾಗಿ. ಇವರಿಗೆ ಕರಡು ಪ್ರತಿಯನ್ನು ಮುಂಚಿತವಾಗಿಯೇ ಕಳುಹಿಸಲಾಗಿತ್ತು. ಅದು ಕು. ಮಾಧುರಿಯವರ ಕೈಬರಹದಲ್ಲಿ ಈ ಕೆಳಗಿನ ಷರಾದೊಂದಿಗೆ ಹಿಂದಿರುಗಿದ್ದು, ಷರಾವನ್ನು ಸುತ್ತೋಲೆಯ ಭಾಗವೆಂದೇ ಓದಿಕೊಳ್ಳತಕ್ಕದ್ದು:

"ಮಾಧುರಿ ಓದಿ ಹೇಳಿದ್ಲು. ನಡನಡುವ ನಕ್ಕೋತ 'ಯವ್ವಾ, ಹೊಟ್ಟಿ' ಅಂತ ಹಿಡಕೊಂಡ್ಲು, ಹಂಗಾಗಿ ಭಾಳ ಹೊತ್ತಾತು. ಇಷ್ಟುದ್ದ ಬರ್ಯೋ ಬದಲಿ 'ಹುಡುಗನ ಕಾಲು ಹಿಡದಾವ' ಅಂತ ಆವತ್ತ ಒಂದು ಮಾತು ಹೇಳಿದ್ರ ನಾನ ಎಣ್ಣಿ ಕಾಸಿ ಕೊಡ್ತಿದ್ದೆ. ರವಿವಾರ ಬರ್ಲಿ. ನಾ ಕಟ್ಟಿ ಮ್ಯಾಲೆ ಕುರ್ಚಿ ಹಾಕ್ಕೊಂಡು ಕೂಡ್ತೀನಿ, ಅಂವಾ ಕೆಳಗ ನಿಂತು ಕಾಲು ಮುಟ್ಲಿ, ನಡೀತದ. ಆದ್ರ ಆ ಎಣಸಿದವ್ರನ್ನ ಕರಕೊಂಡಽ ಬರ್ರಿ. ಅವರ ಕಾಲು ಗಟ್ಟಿ ಅದಾವಂತ ನೀವಽ ಬರ್ದೀರಿ. ಅಂಗಳದಾಗ ನೂರಾ ಎಂಟು ಅವರು ಹಾಕ್ಲಿ, ಕುರ್ಚಿ ಮ್ಯಾಲೆ ಕೂತು ನಾ ಎಣಸ್ತೀನಿ. ನಡುವ ನನಗ ಫೋನ್ ಬಂದ್ರ ಮತ್ತ ಒಂದರಿಂದ."