ಪಕ್ಕದ ಮನೆಗೊಂದು ಚಮಚ ಇಂಟರ್ನೆಟ್

ದೊಡ್ಡಬಳ್ಳಾಪುರದ ಸುತ್ತಮುತ್ತ ಇಂಟರ್ನೆಟ್ ಲೈನ್ ಎಳೆಯುವ ಕೆಲಸ ನನ್ನದು. ರಿಪೇರಿಗೆ ಅಂತ ಹೋಗುತ್ತೇನೆ, ಒಂದಲ್ಲ ಒಂದು ಪಜೀತಿಗೆ ಸಿಕ್ಕಿಕೊಂಡು ಬರುತ್ತೇನೆ. ಇಷ್ಟು ವರ್ಷದಲ್ಲಿ ಒಂದು ವಾರವೂ ಇದು ತಪ್ಪಿದ್ದಿಲ್ಲ.

ಈಗಂತೂ ಮನೆಮನೆಗೂ ಮಾತಾಡುವ ಡಬ್ಬ ಬಂದಿದೆ. ಹಾಡು ಹಾಕು ಎಂದರೆ ಹಾಕುತ್ತದೆ, ಲೈಟ್ ಆರಿಸು ಎಂದರೆ ಆರಿಸುತ್ತದೆ. ಅದನ್ನು ಮಾಡಿದ ಕಂಪನಿಯವರು ಯಾರನ್ನೂ ಕೇಳದೆ ಒಂದು ಹೊಸ ವ್ಯವಸ್ಥೆ ತಂದರು. ಒಂದು ಮನೆಯ ಡಬ್ಬ ತನ್ನ ಇಂಟರ್ನೆಟ್ಟಿನಲ್ಲಿ ಒಂಚೂರನ್ನು ಅಕ್ಕಪಕ್ಕದವರ ಕ್ಯಾಮೆರಾ, ಕಾಲಿಂಗ್ ಬೆಲ್ಲುಗಳಿಗೆ ಹಂಚುವುದು. ಬೇಡದವರು ಫೋನಿನಲ್ಲಿ ಆಫ್ ಮಾಡಿಕೊಳ್ಳಬೇಕು. ಸುದ್ದಿ ವಾಟ್ಸಾಪಿನಲ್ಲಿ ನಮ್ಮ ಕಡೆಗೆ ಬಂದು ತಲುಪುವಷ್ಟರಲ್ಲಿ, ಡಬ್ಬ ಮನೆಯ ಮಾತನ್ನೆಲ್ಲ ಬೀದಿಗೆ ಹಂಚುತ್ತದೆ ಎಂದಾಗಿತ್ತು. ಅಲ್ಲಿಂದ ನನ್ನ ಫೋನಿಗೆ ಬಿಡುವಿಲ್ಲ.

ಹೆಪ್ಪು

ತೂಬಗೆರೆಯಲ್ಲಿ ಒಬ್ಬರು ಅಜ್ಜಿ. ಮೊಮ್ಮಗಳು ತಂದಿಟ್ಟ ಡಬ್ಬದಲ್ಲಿ ದಿನಾ ಬೆಳಗ್ಗೆ ದೇವರ ಹಾಡು ಕೇಳುವವರು. ಈ ಹಂಚಿಕೆ ಎಂದರೆ ಏನಪ್ಪಾ ಎಂದು ಕೇಳಿದರು. ಪಕ್ಕದ ಮನೆಯವರು ಹೆಪ್ಪು ಹಾಕಲು ಒಂದು ಚಮಚ ಮೊಸರು ಕೇಳಿದರೆ ಕೊಡುವುದಿಲ್ಲವೇ, ಹಾಗೆ ಎಂದೆ. ಅಜ್ಜಿಗೆ ಬಹಳ ಹಿಡಿಸಿತು. ಅಷ್ಟೇ ತಾನೆ, ಇರಲಿ ಬಿಡು ಎಂದರು. ನನ್ನ ಜಾಣತನಕ್ಕೆ ನಾನೇ ಬೀಗುತ್ತ ಮನೆಗೆ ಬಂದೆ.

ಮರುದಿನ ಅಜ್ಜಿಯದೇ ಫೋನು. ದೀಪ ಹಚ್ಚಿದ ಮೇಲೆ ಹೆಪ್ಪು ಆಚೆ ಕೊಟ್ಟರೆ ಅದರ ಜೊತೆ ಲಕ್ಷ್ಮಿಯೂ ಹೋಗಿಬಿಡುತ್ತಾಳಂತೆ. ಆದ್ದರಿಂದ ಸಂಜೆ ಆರರ ಮೇಲೆ ಡಬ್ಬ ಏನನ್ನೂ ಕೊಡಕೂಡದು, ಶುಕ್ರವಾರವಂತೂ ಪೂರ್ತಿ ಕೊಡಕೂಡದು. ಹಾಗೆ ಹೊತ್ತು ವಾರ ನೋಡಿ ನಿಲ್ಲಿಸಲು ಬರುವುದಿಲ್ಲ ಅಜ್ಜಿ, ಒಂದೋ ಆನ್, ಇಲ್ಲವೇ ಆಫ್ ಎಂದೆ. ಅಜ್ಜಿ ಹೇಳಿದರು: "ಹಂಗಾದ್ರೆ ಆಫೇ ಮಾಡ್ಬಿಡಪ್ಪ. ಆದ್ರೆ ದೀಪ ಹಚ್ಚಿದ್ಮೇಲೆ ಪಕ್ಕದ್ಮನೆಯೋರ್ದು ನಮ್ಮನೆಗೆ ಬಂದ್ರೆ ಬರ್ಲಿ, ಅದನ್ನ ತಡೀಬ್ಯಾಡ."

ಮೇಷ್ಟರ ಗುಟ್ಟು

ನಲ್ಲೂರಿನ ಕಡೆ ಒಬ್ಬರು ನಿವೃತ್ತ ಹೆಡ್‌ಮಾಸ್ಟರು. ನಾನು ಹೋದಾಗ ಬಾಗಿಲಲ್ಲೇ ತುಟಿಯ ಮೇಲೆ ಬೆರಳಿಟ್ಟು ಒಳಗೆ ಕರೆದರು. ಡಬ್ಬದ ಮೇಲೆ ಹಿತ್ತಾಳೆ ಕೊಳಗ ಬೋರಲು ಹಾಕಿ, ಅದರ ಮೇಲೆ ಕಂಬಳಿ ಹೊದಿಸಿದ್ದರು. ಮಾತಿಲ್ಲ, ಕತೆಯಿಲ್ಲ. ನಾವು ಆಡಿದ್ದು ಇದರಿಂದ ಪಕ್ಕದ ಮನೆಗೆ ಹೋಗುತ್ತದೆಯೇ ಎಂದು ನೋಟ್‌ಬುಕ್ಕಿನಲ್ಲಿ ಬರೆದು ಕೇಳಿದರು. ಇಂಟರ್ನೆಟ್ ಒಂಚೂರು ಹೋಗುತ್ತದೆ ಸಾರ್, ಮಾತು ಹೋಗುವುದಿಲ್ಲ ಎಂದು ನಾನೂ ಬರೆದೆ. ಅವರು ನಂಬಲಿಲ್ಲ. ವಿಷಯ ಏನೆಂದರೆ, ಈ ಸಲ ಹಾಲಿನ ಡೇರಿ ಚುನಾವಣೆಗೆ ಅವರು ನಿಲ್ಲುವವರಿದ್ದರು. ಈಗಿನ ಅಧ್ಯಕ್ಷರು ಪಕ್ಕದ ಮನೆಯವರೇ. ನಾಮಪತ್ರ ಹಾಕುವ ದಿನದವರೆಗೂ ಸುದ್ದಿ ಆಚೆ ಹೋಗಕೂಡದು. ಅದನ್ನೂ ಬರೆದೇ ತಿಳಿಸಿ, ನಾನು ಓದಿದ ಮೇಲೆ ಹಾಳೆ ಹರಿದು ಜೇಬಿಗೆ ಹಾಕಿಕೊಂಡರು.

ಹಂಚಿಕೆ ಆಫ್ ಮಾಡಿ, ಕೊಳಗ ಎತ್ತಿಡಲು ಕೈಗೆ ತೆಗೆದುಕೊಂಡೆ. ಅಷ್ಟರಲ್ಲಿ ಹಿತ್ತಿಲಿನಿಂದ ಮೇಷ್ಟರ ಹೆಂಡತಿಯ ದನಿ ಕೇಳಿಸಿತು. ಕಾಂಪೌಂಡಿನಾಚೆ ನಿಂತಿದ್ದ ಅಧ್ಯಕ್ಷರ ಹೆಂಡತಿಗೆ ಹೇಳುತ್ತಿದ್ದರು: "ನಮ್ಮೋರು ಈ ಸಲ ಡೇರಿ ಎಲೆಕ್ಷನ್‌ಗೆ ನಿಲ್ತಾರೆ ಕಣ್ರೀ. ನಿಮ್ಮನೆಯೋರ್ಗೆ ಮಾತ್ರ ಹೇಳ್ಬೇಡಿ, ಗುಟ್ಟಾಗಿಟ್ಕೊಂಡಿದಾರೆ."

ಮೇಷ್ಟರು ನನ್ನ ಕೈಲಿದ್ದ ಕೊಳಗವನ್ನೇ ಬಹಳ ಹೊತ್ತು ನೋಡಿದರು.

ನಮ್ಮ ಮನೆಯದು

ಹೀಗೆ ಊರೂರು ತಿರುಗಿ ಇದರಿಂದ ಏನೂ ನಷ್ಟವಿಲ್ಲ ಎಂದು ಹೇಳುತ್ತಿದ್ದವನನ್ನು ನನ್ನ ಹೆಂಡತಿ ಒಂದು ದಿನ ಹಿಡಿದು ನಿಲ್ಲಿಸಿದಳು. ಹಾಗಾದರೆ ನಮ್ಮನೆಯದನ್ನು ಮೊದಲ ದಿನವೇ ಯಾಕೆ ಆಫ್ ಮಾಡಿದಿರಿ ಎಂದಳು. ಸುರಕ್ಷತೆಗೆ ಎಂದೆ. ಅವಳು ನಂಬಲಿಲ್ಲ, ನಾನೂ ನಂಬಿರಲಿಲ್ಲ. ನಮ್ಮ ಪಕ್ಕದ ಮನೆಯವನು ದಿನಾ ನನ್ನ ಪೇಪರ್ ಓದುತ್ತಾನೆ, ನನ್ನ ಏಣಿ ಒಯ್ಯುತ್ತಾನೆ, ಕನೆಕ್ಷನ್ ಮಾತ್ರ ಬೇರೆಯವರ ಹತ್ತಿರ ಹಾಕಿಸಿಕೊಂಡಿದ್ದಾನೆ. ಏಣಿ ಬೇಕಾದರೆ ಅವನೇ ಇಟ್ಟುಕೊಳ್ಳಲಿ. ನನ್ನ ಲೈನಿನಿಂದ ಒಂದು ಹನಿ ಇಂಟರ್ನೆಟ್ ಅವನಿಗೆ ಹೋಗುವುದನ್ನು ಈ ಜೀವ ಒಪ್ಪಲಿಲ್ಲ.

ಸ್ಕೂಟರ್ ಕೀ

ದೊಡ್ಡಬೆಳವಂಗಲದಲ್ಲಿ ಅಣ್ಣ ತಮ್ಮ ಇಬ್ಬರೂ ನನ್ನ ಗಿರಾಕಿಗಳು. ಅಣ್ಣ ಊರಾಚೆಯ ತೋಟದಲ್ಲಿ ಹೊಸ ಮನೆ ಕಟ್ಟಿಸಿದರು. ಗೃಹಪ್ರವೇಶಕ್ಕೆ ತಮ್ಮನ ಮನೆಗೆ ಬಂದು ಕುಂಕುಮ ಕೊಟ್ಟು ಕರೆಯದೆ, ವಾಟ್ಸಾಪಿನಲ್ಲಿ ಕಾರ್ಡು ಕಳಿಸಿಬಿಟ್ಟರು. ತಮ್ಮನ ಹೆಂಡತಿಗೆ ಅದು ತಡೆಯಲಾಗದ ಅವಮಾನ. ಆ ಮನೆಯ ಹೊಸಲು ತುಳಿಯುವುದಿಲ್ಲ ಎಂದರು. ಎರಡೂ ಮನೆಗೆ ಮಾತು ನಿಂತು ನಾಲ್ಕು ವರ್ಷವಾಗಿದೆ, ಇಡೀ ಊರಿಗೇ ಗೊತ್ತು.

ಒಂದು ದಿನ ತಮ್ಮ ನನ್ನ ಅಂಗಡಿಗೆ ಬಂದು, ಬಾಗಿಲು ಅರ್ಧ ಮುಂದೆ ಮಾಡಿ ಕೂತರು. ಅವರು ಸ್ಕೂಟರ್ ಕೀ ಎಲ್ಲೋ ಇಟ್ಟು ಮರೆಯುವ ಮನುಷ್ಯ. ಅದಕ್ಕೆಂದೇ ಹೆಂಡತಿ ಕೀಗೊಂಚಲಿಗೆ ಗುಂಡಿಯಷ್ಟಗಲದ ಒಂದು ಟ್ಯಾಗ್ ಕಟ್ಟಿದ್ದರು. ಕೀ ಎಲ್ಲಿದೆ ಎಂದು ಹೆಂಡತಿಯ ಫೋನು ತೋರಿಸುತ್ತದೆ. ಮನೆಯೊಳಗೆ ಹುಡುಕಲು ತಂದದ್ದು. ಈ ಹಂಚಿಕೆ ಬಂದ ಮೇಲೆ ಅದು ಬೇರೆಯವರ ಡಬ್ಬದ ಹತ್ತಿರ ಹೋದರೂ ಸುದ್ದಿ ಮುಟ್ಟಿಸುತ್ತದೆಯೇ ಎಂದು ಕೇಳಿದರು. ಮುಟ್ಟಿಸುತ್ತದೆ ಎಂದೆ. ಅವರ ಮುಖ ಬಾಡಿಹೋಯಿತು.

"ನಾನು ದಿನಾ ಸಾಯಂಕಾಲ ಅಣ್ಣನ ಮನೆಗೆ ಹೋಗ್ತೀನಿ ಗುರು," ಎಂದರು. "ಅಣ್ಣನ್ನ ನೋಡ್ದೆ ಇರಕ್ಕಾಗಲ್ಲ. ನಮ್ಮಾಕೆಗೆ ಕೆರೆ ಏರಿ ಮೇಲೆ ವಾಕಿಂಗ್ ಅಂತ ಹೇಳಿದೀನಿ. ಗೊತ್ತಾದ್ರೆ ಅವಳ ಮನಸ್ಸು ಮುರ್ದೋಗುತ್ತೆ. ಅವಳ ಫೋನಿಂದ ಅದನ್ನ ಅಳಿಸ್ಕೊಡು."

ಐವತ್ತು ಸಮೀಪಿಸಿದ ಮನುಷ್ಯನ ಕಣ್ಣಲ್ಲಿ ನೀರಿತ್ತು. ಆಯಿತು ಎಂದೆ.

ಭಾನುವಾರ ಅವರ ಮನೆಗೆ ಹೋಗಿ, ಸ್ಪೀಡ್ ನೋಡಬೇಕು ಎಂದು ಸುಳ್ಳು ಹೇಳಿ ಆಕೆಯ ಫೋನ್ ತೆಗೆದುಕೊಂಡೆ. ಆಕೆ ಎದುರಿಗೇ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಕೀ ಎಲ್ಲೆಲ್ಲಿ ಹೋಗಿತ್ತು ಎಂಬ ಪಟ್ಟಿಯೊಂದು ಅದರಲ್ಲಿದೆ ಎನ್ನುವುದೇ ಅವರಿಗೆ ಗೊತ್ತಿರಲಿಲ್ಲ. ತೆರೆದೆ. ತೋಟದ ಮನೆ, ಸಂಜೆ ಆರು. ಮರುದಿನ ತೋಟದ ಮನೆ, ಸಂಜೆ ಆರು. ನಡುನಡುವೆ ಮಾತ್ರ, ತೋಟದ ಮನೆ, ಬೆಳಗ್ಗೆ ಹನ್ನೊಂದು. ನನ್ನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದ ಗಂಡ ತನ್ನ ಸಂಕಟವನ್ನೇ ಮರೆತು ಗಟ್ಟಿಯಾಗಿ ಹೇಳಿಬಿಟ್ಟರು: "ಹನ್ನೊಂದು ಗಂಟೇಲಿ ನಾನು ಫ್ಯಾಕ್ಟ್ರೀಲಿರ್ತೀನಿ. ಕಂಪನಿ ಬಸ್ಸಲ್ಲಿ ಹೋಗೋದು, ಸ್ಕೂಟರ್ ಮನೇಲೇ ಇರುತ್ತೆ."

ಅವರೆಕಾಯಿ ಸುಲಿಯುತ್ತಿದ್ದ ಕೈ ನಿಂತಿತು. ಆಮೇಲೆ ಒಂದೊಂದಾಗಿ ಆಚೆ ಬಂತು. ಹೋದ ವರ್ಷ ವಾರಗಿತ್ತಿ ಬಚ್ಚಲಲ್ಲಿ ಜಾರಿ ಕಾಲು ಉಳುಕಿಸಿಕೊಂಡಾಗ ಮನಸ್ಸು ತಡೆಯದೆ ನೋಡಲು ಹೋದವರು, ಮತ್ತೆ ಹೋಗದೆ ಇರಲಾಗಲಿಲ್ಲವಂತೆ. ಗಂಡನಿಗೆ ತಿಳಿದರೆ ನೊಂದುಕೊಳ್ಳುತ್ತಾರೆ ಎಂದು ಹೇಳಿರಲಿಲ್ಲ. ಯಾರಿಗೂ ಹೇಳಬೇಡಿ ಎಂದು ಇಬ್ಬರೂ ಬೇರೆಬೇರೆಯಾಗಿ ಆಣೆ ಹಾಕಿಸಿಕೊಂಡಿದ್ದರಿಂದ ತೋಟದ ಮನೆಯವರು ಬಾಯಿ ಬಿಟ್ಟಿರಲಿಲ್ಲ.

ಗಂಡ ತಲೆ ಕೆರೆದುಕೊಂಡರು. "ನಾನೂ ಹೋಗ್ತಿದೀನಿ, ನೀನೂ ಹೋಗ್ತಿದೀಯ. ಹಂಗಾದ್ರೆ ನಾಲ್ಕು ವರ್ಷದಿಂದ ಮಾತು ಬಿಟ್ಟಿರೋರು ಯಾರೇ?"

ಆಕೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮತ್ತೆ ಅವರೆಕಾಯಿಗೆ ಕೈ ಹಾಕಿದರು. "ಬಿಟ್ಟಿರೋದು ಬಿಟ್ಟಿರೋದೇ ಕಣ್ರೀ. ಊರಿಗೆಲ್ಲ ಗೊತ್ತಿರೋ ವಿಷ್ಯ. ಅವ್ರು ಬಂದು ಕುಂಕುಮ ಕೊಟ್ಟು ಕರೀಲಿ, ಜೊತೇಲಿ ಹೋಗೋಣ. ಅಲ್ಲೀಗಂಟ ನೀವು ಸಾಯಂಕಾಲ ಹೋಗಿ, ನಾನು ಬೆಳಿಗ್ಗೆ ಹೋಗ್ತೀನಿ."