ದೂರು ಕೇಳುವ ಕುರ್ಚಿ

ಅಂದಿನ ಗಲಾಟೆಗೆಲ್ಲ ಕಾರಣ ಒಂದು ಹಳೆಯ ಫ್ರಿಜ್. ಫ್ರಿಜ್ ರಿಪೇರಿ ಕಂಪನಿಯಲ್ಲಿ ಫೋನಿಗೆ ಬರುವ ದೂರುಗಳನ್ನೆಲ್ಲ ಒಬ್ಬನೇ ಕೇಳುತ್ತಿದ್ದ ನಮ್ಮ ಗುಮಾಸ್ತನಿಗೆ ವಾರಗಟ್ಟಲೆಯಿಂದ ನಿದ್ದೆಯಿರಲಿಲ್ಲ. ಕಣ್ಣು ಮುಚ್ಚಿದರೂ ಕಿವಿಯಲ್ಲಿ ಗಿರಾಕಿಗಳ ಬೈಗುಳವೇ.

"ನಮ್ಮ ಫ್ರಿಜ್ ಗುರ್ ಅಂತಿದೆಯಪ್ಪ," ಎಂದರು ಬೆಳಿಗ್ಗೆ ಫೋನ್ ಮಾಡಿದ ಒಬ್ಬ ಅಜ್ಜಿ.

"ನನ್ನ ತಲೇನೂ ಗುರ್ ಅಂತಿದೆ ಅಜ್ಜಿ. ಅದಕ್ಕೆ ಯಾರನ್ನ ಕಳಿಸ್ಲಿ?" ಎಂದವನೇ ಗುಮಾಸ್ತ ಬಿಕ್ಕಿ ಬಿಕ್ಕಿ ಅತ್ತುಬಿಟ್ಟ.

ಅಜ್ಜಿ ಫ್ರಿಜ್ಜಿನ ಮಾತು ಬಿಟ್ಟು, "ರಾತ್ರಿ ನಿದ್ದೆ ಬರುತ್ತೇನಪ್ಪ?" ಎಂದು ಕೇಳಿದರು. ಆ ಫೋನಿನಲ್ಲಿ ಅವನ ಬಗ್ಗೆ ವಿಚಾರಿಸಿದವರು ಅವರೊಬ್ಬರೇ. ಗುಮಾಸ್ತ ರಿಸೀವರ್ ಇಡುವುದನ್ನೂ ಮರೆತು ತಲೆ ಹಿಡಿದು ಕೂತ.

ಆಫೀಸಿನಲ್ಲಿ ಸುದ್ದಿ ಹಬ್ಬಲು ಹೊತ್ತು ಬೇಕೇ? ಮೆಕ್ಯಾನಿಕ್ ಓಡಿಬಂದು, ಕೇಳದೆಯೇ ಅವನ ನೆತ್ತಿಗೆ ಎಣ್ಣೆ ತಟ್ಟಿದ. ಅಕೌಂಟೆಂಟ್ ಮೇಜಿಗೆ ಒರಗಿಕೊಂಡು ಶುರುಮಾಡಿದ.

"ಈ ಫೋನಿನ ಮಾತೆಲ್ಲ ರೆಕಾರ್ಡ್ ಆಗುತ್ತೆ, ಗೊತ್ತಲ್ಲ? ಮೇಡಂ ಕೇಳಿದ್ರೆ ನಿನ್ನ ಕೆಲಸ ಹೋಯ್ತು ಅಂತ್ಲೇ ತಿಳ್ಕೊ. ಕೂತು ಮಾತಾಡೋದೂ ಒಂದು ಕೆಲಸವೇನಯ್ಯ? ನಾನಾಗಿದ್ರೆ ಎಡಗೈಲಿ ಮಾಡ್ತಿದ್ದೆ."

ಮಧ್ಯಾಹ್ನ ಕಂಪನಿಯ ಯಜಮಾನಿ ಅವನನ್ನು ಕರೆಸಿಯೇಬಿಟ್ಟರು. ಗುಮಾಸ್ತ ಎಣ್ಣೆ ಇಳಿಯುತ್ತಿದ್ದ ತಲೆಯನ್ನು ತಗ್ಗಿಸಿ ನಿಂತ.

"ಕೂತ್ಕೊಳ್ಳಿ. ರೆಕಾರ್ಡ್ ಪೂರ್ತಿ ಕೇಳಿದೆ," ಎಂದರು ಅವರು. "ತಪ್ಪು ನಮ್ಮದು. ಊರವರ ಬೈಗುಳವನ್ನೆಲ್ಲ ಒಬ್ಬರ ಕಿವಿಗೇ ಹಾಕಿಬಿಟ್ವಿ. ಒಂದು ವಾರ ರಜೆ ತಗೊಳ್ಳಿ, ಸಂಬಳ ಬರುತ್ತೆ. ನಾಳೆ ಮನಸ್ಸಿನ ಡಾಕ್ಟರ ಹತ್ರ ಹೋಗಿ, ಖರ್ಚು ಕಂಪನೀದು. ವಾಪಸ್ ಬಂದ್ಮೇಲೂ ಅರ್ಧ ದಿನ ಮಾತ್ರ ಫೋನು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಇದನ್ನು ಕೇಳಿ ಕೂತಲ್ಲಿಂದ ಎದ್ದೇಬಿಟ್ಟ. "ನಿಮ್ಮ ಈ ಉಪಕಾರ ಹೇಗೆ ತೀರಿಸ್ಲಿ ಮೇಡಂ?"

"ಇವತ್ತು ಚೆನ್ನಾಗಿ ನಿದ್ದೆ ಮಾಡಿ, ಸಾಕು."

ಮನೆಯಲ್ಲಿ ಹೆಂಡತಿ ಪರದೆ ಎಳೆದು ಹಾಸಿಗೆ ಹಾಸಿದಳು. ಗುಮಾಸ್ತ ಮನಸ್ಸಿನಲ್ಲೇ ಯಜಮಾನಿಗೂ ಅಜ್ಜಿಗೂ ಕೈಮುಗಿದು ಮಲಗಿದ. ಎಷ್ಟೋ ದಿನಗಳ ಮೇಲೆ ರೆಪ್ಪೆ ತಾನಾಗಿ ಕೂಡಿಬಂತು. ಆಗ ಫೋನ್ ಬಡಿದುಕೊಂಡಿತು.

"ಯಾರೋ ಅಳ್ತಿದ್ದಾರೆ ಕಣ್ರೀ," ಎಂದು ಹೆಂಡತಿ ಫೋನನ್ನು ಚಾಚಿದಳು.

ಅಕೌಂಟೆಂಟ್. "ನೀನು ರಿಸೀವರ್ ಇಟ್ಟಿರ್ಲಿಲ್ವಲ್ಲ, ನಾನು ಎಡಗೈಲಿ ಮಾಡ್ತೀನಿ ಅಂದಿದ್ದೂ ರೆಕಾರ್ಡ್ ಆಗಿತ್ತಂತಯ್ಯ. ಮೇಡಂ ನಿನ್ನ ಕುರ್ಚೀಲಿ ನನ್ನನ್ನೇ ಕೂರಿಸಿದ್ದಾರೆ. ಆಗ್ಲಿಂದ ಊರಿಗೆ ಊರೇ ಉಗೀತಿದೆ. ಯಾರ ಹತ್ರ ಹೇಳ್ಕೊಳ್ಳಲಿ?"

ಗುಮಾಸ್ತ ಆಸೆಯಿಂದ ದಿಂಬಿನ ಕಡೆ ನೋಡಿದ. ಬೆಳಗಿನ ಅಜ್ಜಿಯ ದನಿ ನೆನಪಾಯಿತು. ದಿಂಬನ್ನು ಬೆನ್ನಿಗೆ ಕೊಟ್ಟುಕೊಂಡು ಎದ್ದು ಕೂತ.

"ಹೇಳಿ ಸಾರ್," ಎಂದ. "ಏನು ನಿಮ್ಮ ದೂರು?"