ಬಾದಶಾನ ಜಡೆ

ಬೀರಪ್ಪ ನಾಯಿಯನ್ನು ನೋಡಿಕೊಳ್ಳಲು ಒಪ್ಪಿಕೊಂಡದ್ದು ಪ್ರೀತಿಯಿಂದಲ್ಲ, ವರ್ಗಾವಣೆಯ ಆಸೆಯಿಂದ. ಸವದತ್ತಿಯ ಪತ್ತಿನ ಸಂಘವೊಂದರಲ್ಲಿ ಅವನು ಗುಮಾಸ್ತ. ಹೆಂಡತಿ ಮತ್ತು ಮಗಳು ಭಾಗ್ಯಾ ಇದ್ದದ್ದು ರಾಮದುರ್ಗದಲ್ಲಿ. ಅಲ್ಲಿಯ ಶಾಖೆಗೆ ಕಳಿಸುವುದು ಮ್ಯಾನೇಜರ್ ಅನ್ನಪೂರ್ಣಾ ಮೇಡಂ ಕೈಯಲ್ಲಿತ್ತು. ಮೇಡಂ ನೆಂಟರ ಮದುವೆಗೆಂದು ಪುಣೆಗೆ ಹೊರಟಾಗ, ತಮ್ಮ ಯಾರ್ಕ್‌ಷೈರ್ ಟೆರಿಯರ್ ಬಾದಶಾನನ್ನು ಯಾರಲ್ಲಿ ಬಿಡಲಿ ಎಂದರು. ಬೀರಪ್ಪ ಕೈ ಎತ್ತಿದ.

“ದಿನಾ ಬಾಚಬೇಕ್ರಿ ಬೀರಪ್ಪ. ಇದರ ಕೂದಲಾ ಮನಷ್ಯಾರ ಕೂದಲಾ ಇದ್ದಂಗ, ಬೆಳಕೋಂತನ ಹೋಗತೈತಿ. ಬಿಟ್ರ ಗಂಟ ಬೀಳತೈತಿ.”

“ನಮ್ಮ ಮುತ್ಯಾ ಕುರಿ ಕಾದು ಕಂಬಳಿ ನೇದಾಂವ್ರೀ ಮೇಡಂ. ಉಣ್ಣೆ ಅಂದ್ರ ನಮಗೇನ ಹೊಸಾದಲ್ರಿ. ನೀವು ಹೋಗಿ ಬರ್ರಿ.”

ಕುರಿಯನ್ನು ಯಾರೂ ಬಾಚುವುದಿಲ್ಲ. ಬೀರಪ್ಪ ನಾಯಿಯನ್ನೂ ಬಾಚಲಿಲ್ಲ.

ಬಾದಶಾ ಮಡಿಲಲ್ಲಿ ಹಿಡಿಸುವಷ್ಟಿತ್ತು, ಆದರೆ ಆ ಸಂಗತಿಯನ್ನು ಅದಕ್ಕೆ ಯಾರೂ ಹೇಳಿದಂತಿರಲಿಲ್ಲ. ಬೀದಿಯ ಎಮ್ಮೆಗಳನ್ನು ಅಟ್ಟಿಸಿಕೊಂಡು ಹೋಯಿತು. ಹೆಗ್ಗಣದ ವಾಸನೆ ಹಿಡಿದು ಹಿತ್ತಲನ್ನೆಲ್ಲ ಅಗೆದು ಮಣ್ಣಿನ ಮುದ್ದೆಯಾಗಿ ಬಂತು. ಮೇಡಂ ಸಂಜೆಗೆ ಬರುತ್ತಾರೆನ್ನುವ ದಿನ ಬೆಳಿಗ್ಗೆ ಬೀರಪ್ಪ ಅದನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಕೂರಿಸಿ ಗಸಗಸ ತಿಕ್ಕಿದ. ಉಣ್ಣೆಯನ್ನು ನೆನೆಸಿ ತಿಕ್ಕಿದರೆ ಅದು ಹೆಣೆದುಕೊಂಡು ಗಟ್ಟಿಯಾಗುತ್ತದೆಂದು ಮುತ್ಯಾನ ಮೊಮ್ಮಗನಿಗಾದರೂ ನೆನಪಿರಬೇಕಿತ್ತು. ಒಣಗುವಷ್ಟರಲ್ಲಿ ನಾಯಿಯ ಕಿವಿಯ ಹಿಂದೆ, ಹೊಟ್ಟೆಯ ಕೆಳಗೆ ಕಂಬಳಿ ತಯಾರಾಗಿತ್ತು. ಕೊರಳಿಂದ ಬೆರಳು ದಪ್ಪದ ಸುರುಳಿಯೊಂದು ಜೋತಾಡುತ್ತಿತ್ತು.

ಅದನ್ನು ಮೊದಲು ಕಂಡವಳು ಅವನು ಬಾಡಿಗೆಗಿದ್ದ ಮನೆಯ ಒಡತಿ ಬಾಯವ್ವ. ಅವಳ ತಲೆಯಲ್ಲೂ ಎಷ್ಟೋ ವರ್ಷಗಳಿಂದ ಜಡೆ ಕಟ್ಟಿ, ಸೆರಗಿನ ಒಳಗೆ ಸಿಂಬೆಯಂತೆ ಕೂತಿತ್ತು.

“ಉಧೋ ಉಧೋ! ತಾಯಿ ಎಲ್ಲವ್ವ ನಾಯಿಗೂ ಜಡಿ ಕೊಟ್ಟಾಳೋ!” ಎಂದವಳೇ ಬಾದಶಾನ ನೆತ್ತಿಗೆ ಹಿಡಿ ಭಂಡಾರದ ಅರಿಸಿನ ಸುರಿದಳು.

ಎಲ್ಲಮ್ಮನ ಗುಡ್ಡದ ನೆರಳಿನ ಊರು ಅದು. ಕೂದಲು ಜಡೆಗಟ್ಟಿದರೆ ಅಮ್ಮ ಬಂದಳೆಂದು ಕೈಮುಗಿಯುತ್ತಾರೆ, ಕತ್ತರಿ ಮುಟ್ಟಿಸುವ ಧೈರ್ಯ ಯಾರಿಗೂ ಇಲ್ಲ.

“ಜಡಿ ಅಲ್ಲ ಬೇ ಆಯಿ, ಗಂಟು. ನಾ ಬಾಚಿಲ್ಲ, ಅದಕ್ಕ ಹಿಂಗಾಗೈತಿ.”

“ಕತ್ತರಿ ತಂದೀ ಅಂದ್ರ ನನ್ನ ಮನ್ಯಾಗ ಇರಬ್ಯಾಡ!”

ಬೀರಪ್ಪ ಕದ್ದು ಕ್ಷೌರಿಕ ಸಂಜುವನ್ನು ಕರೆಸಿದ. ಸಂಜು ನಗುತ್ತಾ ಮಷಿನ್ ತೆಗೆದ, ಹಳದಿ ನೆತ್ತಿಯನ್ನು ನೋಡಿದ, ಮಷಿನ್ ಒಳಗಿಟ್ಟ. “ಅಣ್ಣಾ, ಬೇಕಾದ್ರ ನಿನ್ನ ತಲಿ ಬೋಳಸತೇನಿ. ಇದಕ್ಕ ಕೈ ಹಚ್ಚಂಗಿಲ್ಲ.”

ಅಷ್ಟರಲ್ಲಿ ಓಣಿಯ ಹೆಂಗಸರು ತೆಂಗಿನಕಾಯಿ ಹಿಡಿದು ಬಂದರು. ಬಾದಶಾ ಬಂದವರಿಗೆಲ್ಲ ಬೊಗಳಿ, ಒಬ್ಬಳ ಸೆರಗು ಹರಿದುಹಾಕಿತು. ಅವಳು ಹರಿದ ಚೂರನ್ನು ಕಣ್ಣಿಗೊತ್ತಿಕೊಂಡಳು. ಬೀರಪ್ಪ ಎಲ್ಲರನ್ನೂ ಸಾಗಹಾಕಿ ಬಾಗಿಲು ಹಾಕಿಕೊಂಡ.

ಕತ್ತರಿ ಇಲ್ಲವೆಂದ ಮೇಲೆ ಉಳಿದದ್ದು ಬೆರಳು. ಕೊಬ್ಬರಿ ಎಣ್ಣೆ ಸುರಿದು ಮೊದಲ ಗಂಟನ್ನು ಎಳೆದ. ನಾಯಿ ಗುರ್ ಎಂದಿತು. ಕೂದಲು ಎತ್ತಿ ನೋಡಿದರೆ ಕೆಳಗಿನ ಚರ್ಮ ಕೆಂಪಗೆ ಬೆಂದಂತಾಗಿತ್ತು. ಬೀರಪ್ಪನಿಗೆ ನಾಚಿಕೆಯಾಯಿತು. ಹೊಟ್ಟೆಗೆ ಹಾಕಿದ್ದೇ ದೊಡ್ಡ ಸೇವೆಯೆಂದುಕೊಂಡು ಕೂತಿದ್ದ. ಆಮೇಲೆ ಅವನು ಬುಡವನ್ನು ಎರಡು ಬೆರಳಲ್ಲಿ ಹಿಡಿದು, ತುದಿಯಿಂದ ಒಂದೊಂದೇ ಎಳೆ ಬಿಡಿಸತೊಡಗಿದ. ಊರಿಗೆ ಹೋದಾಗ ಭಾಗ್ಯಾಳ ತಲೆ ಬಾಚುತ್ತಿದ್ದುದು ಹೀಗೆಯೇ. “ಅಪ್ಪಾ, ನೋಯಿಸಲಾರದಂಗ ಬಾಚು,” ಎನ್ನುತ್ತಿದ್ದಳು. ಬಹಳ ಹೊತ್ತಿನ ಮೇಲೆ ಬಾದಶಾ ಗದ್ದವನ್ನು ಅವನ ಮೊಣಕಾಲ ಮೇಲಿಟ್ಟು ಕಣ್ಣು ಮುಚ್ಚಿತು.

ಹಿತ್ತಲ ಬಾಗಿಲಿನಿಂದ ಬಂದ ಬಾಯವ್ವ ಬೈಯಲೆಂದೇ ಬಂದಿದ್ದಳು. ಆದರೆ ಸುಮ್ಮನೆ ಕೂತು ನೋಡಿದಳು. ಕೊರಳ ಸುರುಳಿ ಬಿಚ್ಚಿ ಬರೀ ಕೂದಲಾಯಿತು.

“ಬಾಚಿದ್ರ ಬಿಡತೈತೇನಪಾ ಅದು?”

“ಬಿಡತೈತಿ ಬೇ. ತಡಾ ಆಕ್ಕೈತಿ, ಅಷ್ಟ.”

ಅವಳ ಕೈ ತನ್ನ ಸೆರಗಿನತ್ತ ಹೋಯಿತು. “ನಮ್ಮನಿಯವ್ರು ತೀರಿ ಹ್ವಾದ ಮ್ಯಾಲ ನಾ ಹಾಸಗಿ ಹಿಡದ್ನಿ. ಏಳೂದ್ರಾಗ ಇದು ಬಂದಿತ್ತು. ಎಲ್ಲಾರೂ ಬಂದು ಕಾಲ ಮುಗದ್ರು. ಬಾಚಾಕ ಯಾರೂ ಬರಲಿಲ್ಲ.”

ಬೀರಪ್ಪ ಮುಂದಿನ ಗಂಟಿಗೆ ಇನ್ನಷ್ಟು ಎಣ್ಣೆ ಹಚ್ಚಿದ.

ಸಂಜೆ ಮೇಡಂ ಬಂದರು. ರೇಷ್ಮೆಯ ನೂಲಿನಂತೆ ಹೊಳೆಯುತ್ತಿದ್ದ ಬಾದಶಾನನ್ನು ಎತ್ತಿಕೊಂಡರು. ಅದು ಅವರ ಕೈಯಿಂದ ಜಿಗಿದು ಬೀರಪ್ಪನ ಮಡಿಲಿಗೇ ಬಂತು.

“ನನ್ನ ಹಂತೇಕ ಇದ್ದಾಗೂ ಇದು ಹಿಂಗ ಹೊಳದಿದ್ದಿಲ್ರಿ!”

ಬೀರಪ್ಪನ ಕಣ್ಣಿಗೆ ರಾಮದುರ್ಗದ ಬಸ್ಸು ಕಂಡಿತು. “ಮೇಡಂ, ನನ್ನ ವರ್ಗಾವಣಿದು…”

“ನಿಮ್ಮನ್ನ ರಾಮದುರ್ಗಕ್ಕ ಕಳಸಾಕ ನಿನ್ನೇನ ಹೆಡ್ಡಾಫೀಸಿಗೆ ಹೇಳಿದ್ನಿ ನೋಡ್ರಿ, ಛಲೋ ಆತು ನೆನಪ ಮಾಡಿದ್ರಿ,” ಎಂದು ಮೇಡಂ ಅಲ್ಲೇ ಫೋನ್ ತೆಗೆದರು. “ಹಲೋ, ಬೀರಪ್ಪಂದು ರದ್ದ ಮಾಡ್ರಿ. ಇಂಥಾ ಮನಷ್ಯಾನ್ನ ಬಿಟ್ಟಕೊಟ್ರ ನನ್ನ ಬಾದಶಾನ್ನ ಯಾರು ನೋಡತಾರ?”

ಬಾದಶಾನನ್ನು ಹತ್ತಿಸಿಕೊಂಡ ಅವರ ಕಾರು ತಿರುವು ದಾಟಿದ ಮೇಲೂ ಬೀರಪ್ಪ ಎಣ್ಣೆಗೈಯಲ್ಲಿ ಮೆಟ್ಟಿಲ ಮೇಲೆ ಕೂತೇ ಇದ್ದ. ಬಾಯವ್ವ ಬಂದು ಕೆಳಗಿನ ಮೆಟ್ಟಿಲಲ್ಲಿ ಬೆನ್ನು ಮಾಡಿ ಕೂತಳು. ಎಣ್ಣೆಯ ಬಾಟಲಿಯನ್ನು ಹಿಂದಕ್ಕೆ ಚಾಚಿ, ಮೆಲ್ಲಗೆ ಸೆರಗು ಸರಿಸಿದಳು.

“ಹೆಂಗೂ ಇಲ್ಲೇ ಇರಾಂವ ಆದಿ,” ಎಂದಳು. “ನೋಯಿಸಲಾರದಂಗ ಬಾಚಪಾ.”